ಹೊಡೆಯುವ ಮೊದಲು ಕೇಳಿ

(ಮರಿಯಮ್ಮನಹಳ್ಳಿಯ ಮಸೀದಿಯಲ್ಲಿ, ಶಾಲೆಗಳು ಮತ್ತೆ ಆರಂಭವಾದ ವಾರದ ಜುಮಾ ದಿನ, ಅರಬಿ ಖುತ್ಬಾಕ್ಕೆ ಮುಂಚೆ ಕನ್ನಡದಲ್ಲಿ ಮಾಡಿದ ಬಯಾನಿನ ಸಾರಾಂಶ)

 



ಈ ವಾರ ಶಾಲೆಗಳ ಬಾಗಿಲು ತೆರೆದಿವೆ. ಹೊಸ ಬ್ಯಾಗು, ಹೊಸ ಸಮವಸ್ತ್ರ, ಫೀಸು, ಪುಸ್ತಕ ಎಂದು ನೀವೆಲ್ಲ ಓಡಾಡುತ್ತಿದ್ದೀರಿ. ಅಲ್ಲಾಹನು ನಿಮ್ಮ ದುಡಿಮೆಯಲ್ಲಿ ಬರಕತ್ ಕೊಡಲಿ. ಆದರೆ ಅಂಗಡಿಯಲ್ಲಿ ಸಿಗದ ಒಂದು ವಸ್ತು ಮಕ್ಕಳ ಬ್ಯಾಗಿನಲ್ಲಿ ಇದೆಯೋ ಇಲ್ಲವೋ ಎಂದು ಇವತ್ತು ಸ್ವಲ್ಪ ನೋಡೋಣ. ಅದಕ್ಕೆ ಮೊದಲು ಒಂದು ಘಟನೆ ಹೇಳುತ್ತೇನೆ. ಆ ಹುಡುಗನ ತಂದೆಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಯಾರು, ಯಾವ ಓಣಿ ಎಂದು ದಯವಿಟ್ಟು ಯಾರೂ ಕೇಳಬೇಡಿ. ಒಬ್ಬ ಮುಸ್ಲಿಮನ ಮಾನವನ್ನು ಮುಚ್ಚಿ ಕಾಪಾಡಿದವನ ಮಾನವನ್ನು ಅಲ್ಲಾಹನು ಕಾಪಾಡುತ್ತಾನೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಹೋದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ. ಇಶಾ ನಮಾಜು ಮುಗಿದು ದೀಪ ಆರಿಸುವ ಹೊತ್ತಿಗೆ ಒಬ್ಬ ತಂದೆ ಓಡಿ ಬಂದರು. ಮಗ ಬೆಳಿಗ್ಗೆ ಹೋದವನು ಮನೆಗೆ ಬಂದಿಲ್ಲ, ಫೋನ್ ಆಫ್ ಆಗಿದೆ, ಎರಡು ವಿಷಯ ಹೋಗಿವೆಯಂತೆ. ನಾವು ನಾಲ್ಕೈದು ಜನ ಬೈಕುಗಳಲ್ಲಿ ಹುಡುಕಲು ಹೊರಟೆವು. ಬಸ್ ನಿಲ್ದಾಣ ನೋಡಿದೆವು, ಹೆದ್ದಾರಿಯ ಪಕ್ಕದ ಢಾಬಾಗಳನ್ನು ನೋಡಿದೆವು. ಕೊನೆಗೆ ಮಧ್ಯರಾತ್ರಿ ಹತ್ತಿರವಾದಾಗ ಹಿನ್ನೀರಿನ ಕಡೆ ಒಬ್ಬ ಮೀನುಗಾರ, ಅಲ್ಲಾಹನು ಆತನಿಗೆ ಒಳ್ಳೆಯದು ಮಾಡಲಿ, ಹುಡುಗನನ್ನು ತನ್ನ ತೆಪ್ಪದ ಪಕ್ಕ ಕೂರಿಸಿಕೊಂಡು ಬೀಡಿ ಸೇದುತ್ತ ಕಾಯುತ್ತಿದ್ದ. ಆತ ನಮ್ಮವನಲ್ಲ, ಹುಡುಗನ ಗುರುತೂ ಆತನಿಗಿರಲಿಲ್ಲ. "ಸಂಜಿಯಿಂದ ಇಲ್ಲೇ ಕುಂತಾನ್ರೀ, ಒಂದು ಮಾತಾಡವಲ್ಲ. ಬಿಟ್ಟು ಹೋಗಾಕ ಮನಸ್ಸಾಗ್ಲಿಲ್ಲ" ಎಂದ.

ನಾನು ಹುಡುಗನ ಪಕ್ಕ ಕುಳಿತು, ಯಾಕಪ್ಪಾ ಹೀಗೆ ಮಾಡಿದೆ ಎಂದು ಕೇಳಿದೆ. ಅವನು ಹೇಳಿದ್ದು ಒಂದೇ ಮಾತು: "ಫೇಲಾಗಿದ್ದಕ್ಕಲ್ಲ ಹಜರತ್. ಮನಿಗೆ ಹೋಗಿ ಅದನ್ನ ಹೆಂಗ ಹೇಳ್ಬೇಕಂತ ತಿಳೀಲಿಲ್ಲ."

ಸಹೋದರರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹುಡುಗ ನನ್ನ ಮಕ್ತಬ್‌ನಲ್ಲಿ ಆರು ವರ್ಷ ಓದಿದವನು. ಯಾಸೀನ್ ಬಾಯಿಪಾಠ ಇದೆ. ವುಝೂವಿನ ಫರ್ಝ್‌ಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಶಾಲೆಯಲ್ಲಿ ಹತ್ತು ವರ್ಷ ಕನ್ನಡ, ಇಂಗ್ಲಿಷ್, ಗಣಿತ ಕಲಿಸಿದ್ದಾರೆ. ಆದರೆ ಒಂದು ಕೆಟ್ಟ ಸುದ್ದಿಯನ್ನು ಸ್ವಂತ ಮನೆಗೆ ತೆಗೆದುಕೊಂಡು ಹೋಗುವುದು ಹೇಗೆ ಎಂಬುದನ್ನು ಮಾತ್ರ ನಾವು ಯಾರೂ ಕಲಿಸಿರಲಿಲ್ಲ. ನಾನೂ ಕಲಿಸಿರಲಿಲ್ಲ, ತಂದೆಯೂ ಕಲಿಸಿರಲಿಲ್ಲ, ಶಾಲೆಯೂ ಕಲಿಸಿರಲಿಲ್ಲ.

ಇದಕ್ಕೆ ನಮ್ಮ ದೀನ್‌ನಲ್ಲಿ ತರ್ಬಿಯತ್ ಎಂದು ಹೆಸರು. ಸಬರ್, ಹಿಲ್ಮ್, ರಹ್ಮ್, ಶುಕ್ರ್, ಹಯಾ ಎಲ್ಲವೂ ಅದರೊಳಗೆ ಬರುತ್ತವೆ. ಇವತ್ತಿನ ಶಿಕ್ಷಕರು ಜೀವನ ಕೌಶಲ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಇಂತಹ 10 ಕೌಶಲಗಳ ಪಟ್ಟಿ ಮಾಡಿತು. ತನ್ನನ್ನು ತಾನು ತಿಳಿಯುವುದು, ಇನ್ನೊಬ್ಬರ ನೋವು ಅರಿಯುವುದು, ಮಾತು, ಸಂಬಂಧ, ನಿರ್ಧಾರ, ಸಿಟ್ಟು ಮತ್ತು ದುಃಖವನ್ನು ನಿಭಾಯಿಸುವುದು, ಒತ್ತಡವನ್ನು ತಾಳಿಕೊಳ್ಳುವುದು ಇವೆಲ್ಲ ಅದರಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರೌಢಶಾಲೆಯ ಶಿಕ್ಷಕರಿಗಾಗಿ ಇದರ ಪಾಠಗಳನ್ನೇ ಸಿದ್ಧಪಡಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಕ್ಕಳ ಬುದ್ಧಿಯ ಜೊತೆ ಮನಸ್ಸೂ ನಡತೆಯೂ ಬೆಳೆಯಬೇಕು ಎನ್ನುತ್ತದೆ. ಒಳ್ಳೆಯದು, ಶಾಲೆ ಕಲಿಸಲಿ. ಆದರೆ ಈ ಪಾಠದ ಮೊದಲ ಶಾಲೆ ಮನೆ, ಮೊದಲ ಪಠ್ಯ ನಿಮ್ಮ ಮುಖ.

ಸೂರಃ ಲುಕ್ಮಾನ್ ಓದಿ ನೋಡಿ. ಒಬ್ಬ ತಂದೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುದ್ದಿನಿಂದ ಕರೆದು ಮಾತಾಡುತ್ತಾನೆ. ಅಲ್ಲಾಹನಿಗೆ ಯಾರನ್ನೂ ಸರಿಸಮ ಮಾಡಬೇಡ ಎಂಬಲ್ಲಿಂದ ಉಪದೇಶ ಶುರುವಾಗುತ್ತದೆ. ಸಾಸಿವೆ ಕಾಳಿನಷ್ಟು ಕರ್ಮವೂ ಅಲ್ಲಾಹನಿಂದ ಮರೆಯಾಗದು, ನಮಾಜು ಸ್ಥಾಪಿಸು, ಒಳಿತನ್ನು ಹೇಳು, ಬಂದದ್ದನ್ನು ಸಹಿಸು ಎಂದು ಮುಂದುವರಿಯುತ್ತದೆ. ಕೊನೆಗೆ ಎಲ್ಲಿಗೆ ಬಂದು ನಿಲ್ಲುತ್ತದೆ? ಜನರ ಮುಂದೆ ಮುಖ ಸಿಂಡರಿಸಬೇಡ, ನೆಲದ ಮೇಲೆ ಬೀಗಿ ನಡೆಯಬೇಡ, ಧ್ವನಿ ತಗ್ಗಿಸು ಎಂಬಲ್ಲಿಗೆ. ತೌಹೀದ್‌ನಿಂದ ಆರಂಭವಾದ ಉಪದೇಶ ನಡಿಗೆ, ಮುಖಭಾವ, ಧ್ವನಿಯವರೆಗೆ ಬರುತ್ತದೆ. ಆದ್ದರಿಂದ ಇವು ಸಣ್ಣ ವಿಷಯಗಳು, ದೀನ್‌ನ ಹೊರಗಿನವು ಎಂದು ಯಾರೂ ಭಾವಿಸಬೇಡಿ.

ಹಕ್ಕಿ ಸತ್ತ ಮಗು

ಅನಸ್(ರ)ರಿಗೆ ಒಬ್ಬ ಪುಟ್ಟ ತಮ್ಮನಿದ್ದ. ಎಲ್ಲರೂ ಅವನನ್ನು ಅಬೂ ಉಮೈರ್ ಎನ್ನುತ್ತಿದ್ದರು. ಅವನು ಒಂದು ಪುಟ್ಟ ಹಕ್ಕಿ ಸಾಕಿದ್ದ, ಅದನ್ನು ನುಗೈರ್ ಎಂದು ಕರೆಯುತ್ತಿದ್ದ. ಆ ಹಕ್ಕಿ ಸತ್ತಿತು, ಹುಡುಗ ಮಂಕಾದ. ಪ್ರವಾದಿವರ್ಯರು(ಸ) ಆ ಮನೆಗೆ ಬಂದಾಗ ಮಗುವಿನ ಮುಖ ನೋಡಿದರು. ಮದೀನಾದ ನಾಯಕರು ಅವರು, ತಲೆಯ ಮೇಲೆ ನೂರು ಹೊಣೆ. ಆದರೂ ಹುಡುಗನ ಹೆಸರಿಗೆ ಹಕ್ಕಿಯ ಹೆಸರನ್ನು ಪ್ರಾಸದಂತೆ ಜೋಡಿಸಿ, ನಿನ್ನ ಹಕ್ಕಿಗೆ ಏನಾಯಿತು ಎಂದು ಅವನನ್ನೇ ಕೇಳಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ.

ನಾವಾಗಿದ್ದರೆ ಏನು ಹೇಳುತ್ತಿದ್ದೆವು? "ಒಂದು ಹಕ್ಕಿಗೆ ಇಷ್ಟು ಅಳ್ತೀಯಾ? ಇನ್ನೊಂದು ತಂದರಾಯ್ತು ಬಿಡು." ಮಗುವಿನ ದುಃಖ ನಮಗೆ ಸಣ್ಣದಾಗಿ ಕಾಣುತ್ತದೆ, ಅದಕ್ಕೆ ನಮಗಿರುವ ಅನುಭವ ಕಾರಣ. ಮಗುವಿಗೆ ಅದು ಅವತ್ತಿನ ಇಡೀ ಲೋಕ. ಮಗುವಿನ ದುಃಖಕ್ಕೆ ಒಂದು ಹೆಸರು ಕೊಟ್ಟು, ಅದರ ಬಗ್ಗೆ ಕೇಳಿ, ಅದು ಮಾತಾಡುವಂತೆ ಮಾಡುವುದು ಸುನ್ನತ್. ಸಣ್ಣ ಹಕ್ಕಿಯ ಮಾತನ್ನು ಕೇಳಿಸಿಕೊಂಡ ಮನೆಯಲ್ಲಿ, ಅದೇ ಮಗು ಹದಿನಾರನೇ ವಯಸ್ಸಿನಲ್ಲಿ ದೊಡ್ಡ ಮಾತು ತರುತ್ತದೆ. ಕೇಳಿಸಿಕೊಳ್ಳದ ಮನೆಯ ಮಗು ಹಿನ್ನೀರಿನ ದಡಕ್ಕೆ ಹೋಗಿ ಕೂರುತ್ತದೆ.

ಗಂಡು ಹುಡುಗ ಅಳಬಾರದು ಎಂದು ನಮ್ಮಲ್ಲಿ ಒಂದು ಮಾತಿದೆ. ಯಾವ ಕಿತಾಬಿನಲ್ಲಿದೆ ಅದು? ಯಅಕೂಬ್(ಅ)ರು ಯೂಸುಫ್(ಅ)ರಿಗಾಗಿ ಅತ್ತು ಕಣ್ಣು ಬೆಳ್ಳಗಾದವು ಎಂದು ಕುರ್‌ಆನ್ ಹೇಳುತ್ತದೆ. ನಮ್ಮ ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಅವರ ಕಣ್ಣಲ್ಲಿ ನೀರು ಹರಿಯಿತು. ಸಹಾಬಿಯೊಬ್ಬರು ಅಚ್ಚರಿಪಟ್ಟಾಗ, ಇದು ಕರುಣೆ ಎಂದರು. ಕಣ್ಣು ಅಳುತ್ತದೆ, ಮನಸ್ಸು ನೋಯುತ್ತದೆ, ಆದರೆ ನಾಲಿಗೆ ಅಲ್ಲಾಹನಿಗೆ ಒಪ್ಪುವುದನ್ನೇ ಆಡುತ್ತದೆ ಎಂಬುದು ಅವರು ಕಲಿಸಿದ ದಾರಿ. ಮಕ್ಕಳ ಕಣ್ಣೀರನ್ನು ನಿಲ್ಲಿಸಬೇಡಿ, ನಾಲಿಗೆಯನ್ನು ತಿದ್ದಿ.

ಗೇಟು ತೆರೆಯುವುದನ್ನು ಕಲಿಸಿ

ಎರಡನೆಯದು ಸಿಟ್ಟು. 2024ರ ಆಗಸ್ಟ್ 10ರ ರಾತ್ರಿ ನಮಗೆಲ್ಲ ನೆನಪಿದೆ. ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿ ಹೋಯಿತು. ತುಂಬಿದ್ದ ನೀರೆಲ್ಲ ಹೋಗುತ್ತದಲ್ಲ ಎಂದು ನಾಲ್ಕು ಜಿಲ್ಲೆಯ ರೈತರು ತಲೆ ಮೇಲೆ ಕೈ ಹೊತ್ತರು. ಆಗ ಇಂಜಿನಿಯರುಗಳು ಮೊದಲು ಮಾಡಿದ್ದೇನು? ಮಿಕ್ಕ ಗೇಟುಗಳನ್ನೂ ತೆರೆದರು. 33 ಗೇಟುಗಳಿರುವುದೇ ಅದಕ್ಕೆ, ಒತ್ತಡವೆಲ್ಲ ಒಂದೇ ಕಡೆ ಬೀಳಬಾರದು. ನಂತರ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ, ಒಂದು ವಾರದಲ್ಲಿ ನೀರು ತಡೆದರು.

ಮನುಷ್ಯನ ಎದೆಯೂ ಹಾಗೆಯೇ. ಸಿಟ್ಟು ಬರುವುದು ಪಾಪವಲ್ಲ, ನೀರು ಬಂದೇ ಬರುತ್ತದೆ. ಗೇಟುಗಳೇ ಇಲ್ಲದ ಗೋಡೆ ಕಟ್ಟಿದರೆ ಒಂದು ದಿನ ಒಡೆಯುತ್ತದೆ, ಗೋಡೆಯೇ ಇಲ್ಲದಿದ್ದರೆ ಪ್ರತಿದಿನ ಪ್ರವಾಹ. ಉಪದೇಶ ಕೇಳಿದ ಒಬ್ಬ ವ್ಯಕ್ತಿಗೆ ಪ್ರವಾದಿವರ್ಯರು(ಸ) ಸಿಟ್ಟು ಮಾಡಬೇಡ ಎಂದರು. ಅವನು ಮತ್ತೆ ಮತ್ತೆ ಕೇಳಿದ, ಪ್ರತಿ ಸಲವೂ ಅದೇ ಉತ್ತರ. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವುವವನಲ್ಲ, ಸಿಟ್ಟಿನ ಹೊತ್ತಿನಲ್ಲಿ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂದೂ ಕಲಿಸಿದರು. ಬರೀ ಮಾಡಬೇಡ ಎಂದು ಬಿಡಲಿಲ್ಲ, ಹೇಗೆ ಎಂಬುದನ್ನೂ ತೋರಿಸಿದರು. ಅಊಝು ಬಿಲ್ಲಾಹ್ ಹೇಳಲಿ, ನಿಂತಿದ್ದರೆ ಕೂರಲಿ, ಹೋಗದಿದ್ದರೆ ಮಲಗಲಿ, ಸುಮ್ಮನಿರಲಿ. ಇವೇ ಗೇಟುಗಳು.

ಇದನ್ನು ಮಕ್ಕಳಿಗೆ ಸಿಟ್ಟು ಬಂದಾಗ ಕಲಿಸಲು ಹೋಗಬೇಡಿ, ಆಗ ಕಿವಿ ಕೇಳುವುದಿಲ್ಲ. ನಿಮಗೆ ಸಿಟ್ಟು ಬಂದಾಗ ಮಾಡಿ ತೋರಿಸಿ. ಹೊಸಪೇಟೆಯಿಂದ ಬರುವಾಗ ಲಾರಿಗಳ ಸಾಲಿನಲ್ಲಿ ಯಾರೋ ಅಡ್ಡ ಬಂದರು ಎಂದುಕೊಳ್ಳಿ. ನಿಮ್ಮ ಮಗ ಬೈಕಿನ ಹಿಂದೆ ಕುಳಿತಿದ್ದಾನೆ. ಆ ಕ್ಷಣ ನಿಮ್ಮ ಬಾಯಿಂದ ಬರುವ ಮಾತೇ ಅವನ ಆ ದಿನದ ಪಾಠ. ಬೈಗುಳ ಬಂದರೆ ಅದನ್ನು ಕಲಿತ. "ಅಊಝು ಬಿಲ್ಲಾಹ್, ಹೋಗಲಿ ಬಿಡಪ್ಪಾ" ಎಂದರೆ ಇದನ್ನು ಕಲಿತ. ಅದಕ್ಕೆ ಫೀಸೂ ಇಲ್ಲ, ಟ್ಯೂಷನ್ನೂ ಇಲ್ಲ.

ನನ್ನ ಬೆತ್ತ

ಮೂರನೆಯದು ಹೇಳಲು ನನಗೆ ಕಷ್ಟ, ಆದರೆ ಮಿಂಬರಿನ ಹತ್ತಿರ ನಿಂತು ಬೇರೆಯವರ ತಪ್ಪು ಮಾತ್ರ ಹೇಳುವುದು ನ್ಯಾಯವಲ್ಲ.

ಕೆಲವು ವರ್ಷಗಳ ಹಿಂದೆ ಮಕ್ತಬ್‌ನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಮೂರು ದಿನ ಸಬಕ್ ಒಪ್ಪಿಸಲಿಲ್ಲ. ಫಜ್ರ್ ನಂತರದ ತರಗತಿ. ಅವನು ಕುಳಿತಲ್ಲೇ ತೂಕಡಿಸುತ್ತಿದ್ದ. ಮೂರನೇ ದಿನ ನಾನು ಬೆತ್ತ ತೆಗೆದು ಅವನ ಅಂಗೈಗೆ ಹೊಡೆದೆ. ಅವನು ಅಳಲಿಲ್ಲ, ಕೈ ಮುಚ್ಚಿಕೊಂಡ ಅಷ್ಟೆ. ಅವತ್ತು ಮಧ್ಯಾಹ್ನ ಅವನ ತಾಯಿ ಬಾಗಿಲ ಹೊರಗೆ ನಿಂತು ಹೇಳಿ ಕಳಿಸಿದರು. ಲಾರಿ ಓಡಿಸುವ ತಂದೆಗೆ ಅಪಘಾತವಾಗಿ ಬಳ್ಳಾರಿ ಆಸ್ಪತ್ರೆಯಲ್ಲಿದ್ದಾರೆ, ತಾಯಿ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದಾರೆ, ಕೈಗೂಸನ್ನು ರಾತ್ರಿಯೆಲ್ಲ ಎತ್ತಿಕೊಂಡು ತಿರುಗುವವನು ಈ ಹುಡುಗನೇ. ಆದರೂ ಒಂದು ದಿನ ಮಕ್ತಬ್ ತಪ್ಪಿಸಿರಲಿಲ್ಲ. ನಾನು ಮೂರು ದಿನ ಅವನ ಸಬಕ್ ಕೇಳಿದೆ. ಒಂದು ಸಲವೂ ಅವನನ್ನು ಕೇಳಲಿಲ್ಲ.

ನಾನು ಓದಿದ ಹದೀಸ್ ಆಗ ನೆನಪಾಯಿತು. ರಾಫಿಅ್ ಇಬ್ನ್ ಅಮ್ರ್(ರ) ಹುಡುಗನಾಗಿದ್ದಾಗ ಅನ್ಸಾರರ ಖರ್ಜೂರದ ಮರಗಳಿಗೆ ಕಲ್ಲು ಹೊಡೆಯುತ್ತಿದ್ದ. ತೋಟದವರು ಹಿಡಿದು ಪ್ರವಾದಿವರ್ಯರ(ಸ) ಮುಂದೆ ತಂದು ನಿಲ್ಲಿಸಿದರು. ನಮ್ಮ ಊರಿನಲ್ಲಿ ಮಾವಿನ ಮರಕ್ಕೆ ಕಲ್ಲು ಹೊಡೆದು ಸಿಕ್ಕಿಬಿದ್ದ ಹುಡುಗನನ್ನು ನೆನೆಸಿಕೊಳ್ಳಿ, ಮೊದಲು ಕೆನ್ನೆಗೆ ಏಟು, ಆಮೇಲೆ ವಿಚಾರಣೆ. ಪ್ರವಾದಿವರ್ಯರು(ಸ) ಮೊದಲು ಕೇಳಿದರು, ಯಾಕೆ ಕಲ್ಲು ಹೊಡೆಯುತ್ತೀಯಾ ಎಂದು. ತಿನ್ನುವುದಕ್ಕೆ ಎಂದ ಹುಡುಗ. ಕಲ್ಲು ಹೊಡೆಯಬೇಡ, ಕೆಳಗೆ ಬಿದ್ದದ್ದನ್ನು ತಿನ್ನು ಎಂದು ಹೇಳಿ, ತಲೆ ನೇವರಿಸಿ, ಅವನ ಹೊಟ್ಟೆ ತುಂಬಿಸೆಂದು ಅಲ್ಲಾಹನಲ್ಲಿ ಬೇಡಿದರು. ಅಬೂದಾವೂದ್‌ನಲ್ಲಿ ಈ ಹದೀಸ್ ಇದೆ.

ಎಷ್ಟು ಪಾಠ ಇದರಲ್ಲಿ! ತಪ್ಪನ್ನು ತಪ್ಪು ಎಂದೇ ಹೇಳಿದರು, ಮರದವನ ಹಕ್ಕನ್ನು ಕಾಪಾಡಿದರು. ಆದರೆ ಕಲ್ಲಿನ ಹಿಂದೆ ಹಸಿವಿದೆ ಎಂಬುದನ್ನು ಕೇಳಿ ತಿಳಿದರು, ಹಸಿವಿಗೂ ಒಂದು ದಾರಿ ತೋರಿಸಿದರು. ಮಕ್ಕಳ ಪ್ರತಿ ಕಲ್ಲಿನ ಹಿಂದೆ ಯಾವುದೋ ಒಂದು ಹಸಿವು ಇರುತ್ತದೆ. ಕೆಲವೊಮ್ಮೆ ಅನ್ನದ್ದು, ಕೆಲವೊಮ್ಮೆ ನಿದ್ದೆಯದು, ಹೆಚ್ಚಿನ ಸಲ ಒಂದು ಮಾತಿನದು.

ಮರುದಿನ ಎಲ್ಲ ಮಕ್ಕಳ ಮುಂದೆ ನಾನು ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ಅವನು ನಾಚಿಕೆಯಿಂದ ತಲೆ ತಗ್ಗಿಸಿದ. ಮರ್ಯಾದೆ ಹೋಯಿತೇ ಎಂದು ನೀವು ಕೇಳಬಹುದು. ಇಲ್ಲ. ಆ ದಿನದಿಂದ ಮಕ್ಕಳು ತಮ್ಮ ತಪ್ಪನ್ನು ನನ್ನ ಹತ್ತಿರ ತಾವಾಗಿಯೇ ಬಂದು ಹೇಳತೊಡಗಿದರು. ದೊಡ್ಡವರು ಕ್ಷಮೆ ಕೇಳಬಲ್ಲರು ಎಂದು ಕಂಡಾಗಲೇ ಚಿಕ್ಕವರಿಗೆ ಕ್ಷಮೆ ಕೇಳುವ ಧೈರ್ಯ ಬರುತ್ತದೆ. ಬೆತ್ತವನ್ನು ಅವತ್ತೇ ಒಲೆಗೆ ಹಾಕಿದೆ. ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ಶಾಲೆಗಳಲ್ಲಿ ನಿಷೇಧಿಸಿದೆ. ಆದರೆ ನಮಗೆ ಕಾಯ್ದೆಗಿಂತ ಮೊದಲೇ ಅನಸ್(ರ)ರ ಸಾಕ್ಷ್ಯವಿದೆ. ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆ ಮಾಡಿದ ಆ ಹುಡುಗ, ಅವರು ಒಮ್ಮೆಯೂ ತನಗೆ ಛೆ ಎನ್ನಲಿಲ್ಲ ಎಂದು ಹೇಳಿದ್ದಾರೆ.

ಅಡ್ಡಹೆಸರು

ನಾಲ್ಕನೆಯದನ್ನು ವಿಶೇಷವಾಗಿ ಮಕ್ಕಳಿಗೆ ಹೇಳುತ್ತೇನೆ. ಸೂರಃ ಅಲ್ ಹುಜುರಾತ್‌ನಲ್ಲಿ ಅಲ್ಲಾಹನು ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡುವುದನ್ನು, ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನು ತಡೆದಿದ್ದಾನೆ. ಗೇಲಿಗೊಳಗಾದವರೇ ಗೇಲಿ ಮಾಡುವವರಿಗಿಂತ ಉತ್ತಮರಾಗಿರಬಹುದು ಎಂದೂ ಎಚ್ಚರಿಸಿದ್ದಾನೆ. ನಿಮ್ಮ ತರಗತಿಯಲ್ಲಿ ಕಪ್ಪಗಿರುವವನಿಗೆ ಒಂದು ಹೆಸರು, ದಪ್ಪಗಿರುವವನಿಗೆ ಒಂದು, ಮಾತು ತೊದಲುವವನಿಗೆ ಒಂದು. ನಮ್ಮ ಕೆಲವು ಮಕ್ಕಳಿಗೆ ತಂದೆಯ ಕಸುಬಿನ ಮೇಲೆ, ಗಾಡಿ ರಿಪೇರಿಯ ಮೇಲೆ ಹೆಸರು ಬೀಳುತ್ತದೆ. ನೋವಾಗುತ್ತದೆ ಅಲ್ಲವೇ? ಆದರೆ ನೀವೂ ನಮ್ಮ ಪಿಂಜಾರ ಮನೆಗಳ ಮಕ್ಕಳಿಗೆ ಉರ್ದು ಬರುವುದಿಲ್ಲ ಎಂದು ನಕ್ಕಿಲ್ಲವೇ? ಇದೇ ಮಸೀದಿಯ ಅಂಗಳದಲ್ಲಿ ನಾನು ಕೇಳಿದ್ದೇನೆ. ಅಬೂದರ್ರ್(ರ)ರಂತಹ ದೊಡ್ಡ ಸಹಾಬಿ ಒಮ್ಮೆ ಒಬ್ಬರನ್ನು ಅವರ ತಾಯಿಯ ವಿಷಯ ಎತ್ತಿ ಹೀಯಾಳಿಸಿದಾಗ, ನಿನ್ನಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂದು ಪ್ರವಾದಿವರ್ಯರು(ಸ) ಗದರಿದರು. ಬೇರೆಯವರು ನಮ್ಮನ್ನು ಅಂದಾಗ ಅನ್ಯಾಯ, ನಾವು ಅಂದಾಗ ತಮಾಷೆ ಎಂಬುದು ಮುಸ್ಲಿಮನ ತಕ್ಕಡಿಯಲ್ಲ.

ಯಾರಾದರೂ ನಿಮ್ಮನ್ನು ಹೀಯಾಳಿಸಿದರೆ ಮೂರು ಕೆಲಸ ಮಾಡಿ. ಹೊಡೆಯಬೇಡಿ. ಒಮ್ಮೆ ಮುಖ ನೋಡಿ ಶಾಂತವಾಗಿ, ಹಾಗೆ ಕರೆಯಬೇಡ, ನನಗೆ ನೋವಾಗುತ್ತದೆ ಎಂದು ಹೇಳಿ. ಮತ್ತೆ ಮಾಡಿದರೆ ಶಿಕ್ಷಕರಿಗೂ ಮನೆಯವರಿಗೂ ಹೇಳಿ. ಹೇಳುವುದು ಚಾಡಿಯಲ್ಲ. ಬೇರೆಯವನನ್ನು ಹೀಯಾಳಿಸುವುದು ಕಂಡರೆ ನಗುವವರ ಸಾಲಿನಲ್ಲಿ ನಿಲ್ಲಬೇಡಿ, ಹೋಗಿ ಅವನ ಪಕ್ಕ ಕೂರಿ. ಅವನು ಯಾವ ಜಾತಿ, ಯಾವ ಧರ್ಮದವನಾದರೂ ಸರಿ. ವಾಟ್ಸಾಪ್ ಗ್ರೂಪಿನಲ್ಲಿ ನಗುವ ಚಿತ್ರ ಒತ್ತುವುದೂ ನಗುವವರ ಸಾಲಿನಲ್ಲಿ ನಿಂತಂತೆಯೇ.

ನಮ್ಮ ಊರಿನ ಕಥೆಯೇ ನೋಡಿ. ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆ ಮುಳುಗಿ, ಮನೆ ಮಠ ಕಳೆದುಕೊಂಡ ಜನ ಇಲ್ಲಿಗೆ ಬಂದು ನೆಲೆಸಿದರು. ಎಲ್ಲ ಜಾತಿ ಮತದವರು ಅಕ್ಕಪಕ್ಕದಲ್ಲಿ ಮನೆ ಕಟ್ಟಿಕೊಂಡು ಬಾಳಿದರು. ಈ ಊರು ನಾಟಕಕ್ಕೂ ಹೆಸರಾದದ್ದು. ಮುಖಕ್ಕೆ ಬಣ್ಣ ಹಚ್ಚಿದ ಕಲಾವಿದರು ಇನ್ನೊಬ್ಬರ ದುಃಖವನ್ನು ತಮ್ಮದೇ ಎಂಬಂತೆ ಆಡಿ ತೋರಿಸುತ್ತಾರೆ. ಬಣ್ಣವಿಲ್ಲದೆ, ಪ್ರೇಕ್ಷಕರಿಲ್ಲದೆ ಇನ್ನೊಬ್ಬರ ದುಃಖವನ್ನು ತನ್ನದೆಂದು ತಿಳಿಯುವುದು ಈಮಾನಿನ ಗುಣ. ಆ ರಾತ್ರಿ ದಡದಲ್ಲಿ ಕಾದು ಕುಳಿತ ಮೀನುಗಾರನಲ್ಲಿ ನಾನು ಕಂಡದ್ದು ಅದನ್ನೇ. ಅವನಿಂದ ನಮ್ಮ ಮಕ್ಕಳು ಕಲಿಯಲಿ, ನಾವೂ ಕಲಿಯೋಣ.

ಈ ವಾರದಿಂದಲೇ

ಇಷ್ಟೆಲ್ಲ ಕೇಳಿ ಸುಮ್ಮನೆ ಎದ್ದು ಹೋದರೆ ಏನೂ ಪ್ರಯೋಜನವಿಲ್ಲ. ಈ ವಾರದಿಂದ ಮನೆಯಲ್ಲಿ ಮಾಡಬಹುದಾದ ಕೆಲವು ಕೆಲಸ ಹೇಳುತ್ತೇನೆ.

ರಾತ್ರಿ ದಸ್ತರ್‌ಖಾನ್ ಹಾಸಿದಾಗ ಎಲ್ಲರ ಫೋನು ದೂರವಿರಲಿ, ಮೊದಲು ತಂದೆಯದು. ಪ್ರವಾದಿವರ್ಯರು(ಸ) ತಮ್ಮ ಆಶ್ರಯದಲ್ಲಿದ್ದ ಹುಡುಗ ಉಮರ್ ಇಬ್ನ್ ಅಬೀ ಸಲಮಾನಿಗೆ ಬಿಸ್ಮಿಲ್ಲಾಹ್ ಹೇಳುವುದನ್ನು, ಬಲಗೈಯಲ್ಲಿ ತಿನ್ನುವುದನ್ನು, ತನ್ನ ಮುಂದಿನದನ್ನೇ ತಿನ್ನುವುದನ್ನು ಊಟದ ತಟ್ಟೆಯ ಮುಂದೆಯೇ ಕಲಿಸಿದ್ದು. ಅಲ್ಲಿ ಪ್ರತಿಯೊಬ್ಬರೂ ಇವತ್ತು ಒಳ್ಳೆಯದಾದ ಒಂದು, ಕಷ್ಟವಾದ ಒಂದು ಹೇಳಲಿ. ತಂದೆಯೂ ಹೇಳಲಿ, "ಇವತ್ತು ವ್ಯಾಪಾರ ಆಗಲಿಲ್ಲ, ಬೇಜಾರಾಯಿತು, ಅಲ್ಲಾಹ್ ನಾಳೆ ಕೊಡುತ್ತಾನೆ" ಎಂದು. ಸೋಲನ್ನು ಮನೆಯಲ್ಲಿ ಹೇಳಬಹುದು ಎಂದು ಮಗು ಕಲಿಯುವುದು ಹಾಗೆ.

ಮಗುವಿಗೆ ಕೊಟ್ಟ ಮಾತು ಉಳಿಸಿ. ಬಾ, ಏನೋ ಕೊಡುತ್ತೇನೆ ಎಂದು ಮಗನನ್ನು ಕರೆದ ಒಬ್ಬ ತಾಯಿಯನ್ನು, ಏನು ಕೊಡಬೇಕೆಂದಿದ್ದೆ ಎಂದು ಪ್ರವಾದಿವರ್ಯರು(ಸ) ಕೇಳಿದರು. ಖರ್ಜೂರ ಎಂದಳು. ಏನೂ ಕೊಡದೆ ಇದ್ದಿದ್ದರೆ ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಬರೆಯಲಾಗುತ್ತಿತ್ತು ಎಂದರು. ನಮ್ಮ ಹೆಸರಿನಲ್ಲಿ ಎಷ್ಟು ಬರೆಯಲಾಗಿದೆಯೋ!

ಮಗುವಿಗೆ ಒಂದು ಹೊಣೆ ಕೊಡಿ. ಅಂಗಡಿಗೆ ಕಳಿಸಿ ಚಿಲ್ಲರೆ ಲೆಕ್ಕ ಅದೇ ಹೇಳಲಿ. ಕಾಯಿಲೆಯಲ್ಲಿರುವ ನೆರೆಯವರನ್ನು ನೋಡಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ಮಗಳಿಗೆ ಮಾತ್ರ ಪಾತ್ರೆ, ಮಗನಿಗೆ ಮಾತ್ರ ಫೋನು ಎಂಬ ಪದ್ಧತಿ ಬಿಡಿ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂದು ಆಯಿಶಾ(ರ) ಹೇಳಿದ್ದಾರೆ. ಪಕ್ಕದ ಮನೆಯ ಮಗುವಿನ ಅಂಕದೊಂದಿಗೆ ನಿಮ್ಮ ಮಗುವನ್ನು ತೂಗಬೇಡಿ. ಯೂಸುಫ್(ಅ)ರ ಸಹೋದರರನ್ನು ಬಾವಿಯವರೆಗೆ ಕರೆದೊಯ್ದದ್ದು ತಂದೆಗೆ ಅವನೇ ಹೆಚ್ಚು ಪ್ರಿಯ ಎಂಬ ಹೊಟ್ಟೆಕಿಚ್ಚು.

ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳು ಮಸೀದಿಯಲ್ಲಿ ಪಿಸುಗುಟ್ಟಿದರೆ ಗದರಿ ಓಡಿಸಬೇಡಿ. ಮಗುವಿನ ಅಳು ಕೇಳಿದರೆ, ತಾಯಿಗೆ ಕಷ್ಟವಾಗದಿರಲಿ ಎಂದು ಪ್ರವಾದಿವರ್ಯರು(ಸ) ನಮಾಜನ್ನೇ ಚಿಕ್ಕದಾಗಿಸುತ್ತಿದ್ದರು. ಇಲ್ಲಿಂದ ಓಡಿಸಿದ ಮಗು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಯೋಚಿಸಿ.

ಮಕ್ಕಳೇ, ನೀವು ಮೂರು ಮಾತು ಬಾಯಿಪಾಠ ಮಾಡಿ. "ನನಗೆ ಭಯವಾಗಿದೆ." "ನನ್ನಿಂದ ತಪ್ಪಾಯಿತು." "ನನಗೆ ಸಹಾಯ ಬೇಕು." ಈ ಮೂರನ್ನು ಅಬ್ಬಾನಿಗೆ ಹೇಳಲಾಗದಿದ್ದರೆ ಅಮ್ಮಿಗೆ ಹೇಳಿ, ಮಾಮೂಗೆ ಹೇಳಿ, ದಾದಿಗೆ ಹೇಳಿ, ಮೇಷ್ಟ್ರಿಗೆ ಹೇಳಿ, ನನಗೆ ಹೇಳಿ. ನನ್ನ ಕೋಣೆಯ ಬಾಗಿಲು ರಾತ್ರಿ ಎರಡು ಗಂಟೆಗೂ ತೆರೆಯುತ್ತದೆ. ಯಾರಿಗೂ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ ಅದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ತಂದೆ ತಾಯಂದಿರೇ, ಮಗು ವಾರಗಟ್ಟಲೆ ಊಟ ಬಿಟ್ಟು, ನಿದ್ದೆ ಬಿಟ್ಟು, ಮಾತು ಬಿಟ್ಟು ಕುಳಿತರೆ ದುಆ ಮಾಡಿ, ಜೊತೆಗೆ ವೈದ್ಯರಿಗೂ ತೋರಿಸಿ. ಚಿಕಿತ್ಸೆ ಪಡೆಯಿರಿ ಎಂದು ಹೇಳಿದವರೂ ನಮ್ಮ ಪ್ರವಾದಿಯೇ(ಸ). ಮನಸ್ಸಿನ ಕಾಯಿಲೆಗೆ ನಾಚಿಕೆ ಪಡಬೇಡಿ. ಪರೀಕ್ಷೆಯ ವಿಷಯಕ್ಕೆ ಬಂದರೆ, ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಸರ್ಕಾರವೇ ಮತ್ತೆ ಅವಕಾಶ ಕೊಡುವಾಗ, ಹೆತ್ತವರು ಒಂದೂ ಕೊಡದಿದ್ದರೆ ಹೇಗೆ?

ಕೊನೆಗೆ ಆ ರಾತ್ರಿಯ ಮಾತು ಮುಗಿಸುತ್ತೇನೆ. ಹುಡುಗನನ್ನು ಕರೆದುಕೊಂಡು ಬರುವ ಮೊದಲು ನಾನು ಅವನ ತಂದೆಗೆ ಫೋನ್ ಮಾಡಿ ಹೇಳಿದೆ: "ಇವತ್ತು ಪರೀಕ್ಷೆಯ ಮಾತು ಬೇಡ. ಹೊಡೆಯುವುದೂ ಬೇಡ, ಬುದ್ಧಿ ಹೇಳುವುದೂ ಬೇಡ. ಅವನು ಬಾಗಿಲಿಗೆ ಬಂದಾಗ ಒಂದೇ ಪ್ರಶ್ನೆ ಕೇಳಿ." ಅವರು ಸಿಟ್ಟಿನ ಮನುಷ್ಯ, ಕೇಳುತ್ತಾರೋ ಇಲ್ಲವೋ ಎಂದು ನನಗೆ ಭಯವಿತ್ತು. ಬೈಕು ನಿಂತಾಗ ಅವರು ಬಾಗಿಲಲ್ಲೇ ಇದ್ದರು. ಕೈ ನಡುಗುತ್ತಿತ್ತು. ಮಗನನ್ನು ನೋಡಿ, ಬಹಳ ಹೊತ್ತು ಸುಮ್ಮನಿದ್ದು, "ಉಂಡಿಯೇನೋ?" ಎಂದರು. ಹುಡುಗ ಇಲ್ಲ ಎಂದು ತಲೆಯಾಡಿಸಿ ಅಳತೊಡಗಿದ. ಒಳಗಿನಿಂದ ಅವನ ಅಮ್ಮಿ ತಟ್ಟೆ ಇಡುವ ಸದ್ದು ಕೇಳಿಸಿತು. ನಾವು ಸಲಾಮ್ ಹೇಳಿ ಹೊರಟೆವು.

ಆ ಹುಡುಗ ಎರಡನೇ ಪರೀಕ್ಷೆಯಲ್ಲಿ ವಿಜ್ಞಾನ ಪಾಸಾದ. ಗಣಿತ ಇನ್ನೂ ಬಾಕಿ ಇದೆ. ಅದನ್ನು ಮನೆಯಲ್ಲಿ ಅವನೇ ಹೇಳಿದ, ಮನೆಯವರು ಕೇಳಿಸಿಕೊಂಡರು. ಈಗ ಬೆಳಿಗ್ಗೆ ಕೆಲಸ ಕಲಿಯುತ್ತಿದ್ದಾನೆ, ಮಗ್ರಿಬ್ ನಂತರ ಲೆಕ್ಕ ಮಾಡುತ್ತಾನೆ. ಇನ್‌ಶಾ ಅಲ್ಲಾಹ್ ಅದೂ ಆಗುತ್ತದೆ.

ಓ ಅಲ್ಲಾಹ್, ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸು. ನಮ್ಮ ನಾಲಿಗೆಯನ್ನು ಅವರಿಗೆ ಮೃದುವಾಗಿಸು. ಅವರನ್ನು ಕೇಳಿಸಿಕೊಳ್ಳುವ ಕಿವಿಯನ್ನೂ, ಅವರಲ್ಲಿ ಕ್ಷಮೆ ಕೇಳುವ ಧೈರ್ಯವನ್ನೂ ನಮಗೆ ಕೊಡು. ಅವರ ಭಯವನ್ನು ನೀಗಿಸು, ಅವರ ಹಸಿವನ್ನು ತಣಿಸು. ಈ ಊರಿನ ಎಲ್ಲ ಮನೆಗಳ ಮಕ್ಕಳನ್ನೂ ಪ್ರತಿ ಸಂಜೆ ಸುರಕ್ಷಿತವಾಗಿ ಮನೆಗೆ ತಲುಪಿಸು. ಆಮೀನ್.